ಮೂರನೇ ಸಾಲಿನ ಕರ್ಚೀಫು

ನನ್ನ ಮಾವ ಜನರನ್ನು ನಗಿಸಿದ್ದಕ್ಕಿಂತ ಹೆದರಿಸಿದ್ದೇ ಹೆಚ್ಚು. ಭೂತದ ಕಥೆ ಹೇಳುವವರಲ್ಲ ಮಾರಾಯರೇ, ಅವರು ಹಾಸ್ಯ ಕಲಾವಿದರು!

ಉಡುಪಿಯಿಂದ ಮುಂಬೈಗೆ ಬಂದು ಆಂಟಾಪ್ ಹಿಲ್‌ನಲ್ಲಿ ನೆಲೆಸಿ, ಹಗಲು ಹೋಟೆಲಿನಲ್ಲಿ ದೋಸೆ ಹುಯ್ದು, ಸಂಜೆ ಕನ್ನಡ ಸಂಘಗಳಲ್ಲಿ ನಗಿಸಿ ಹೆಸರು ಮಾಡಿದವರು. ಅತ್ತೆ ದಹಿಸರಿನ ಮರಾಠಿ ಹೆಣ್ಣು. ಪ್ರತಿ ಕಾರ್ಯಕ್ರಮದಲ್ಲೂ ಮೂರನೇ ಸಾಲಿನ ಮೂಲೆಯ ಕುರ್ಚಿ ಅವರದು. ಕನ್ನಡದ ಜೋಕು ಅವರಿಗೆ ಅರ್ಥವಾಗುವಷ್ಟರಲ್ಲಿ ಸಭೆಯ ನಗು ಮುಗಿದಿರುತ್ತಿತ್ತು. ಆಮೇಲೆ ಅವರೊಬ್ಬರದೇ ನಗು, "ಆತ್ತಾ ಸಮಜ್ಲಂ!" ಅಂದರೆ, ಈಗ ಗೊತ್ತಾಯಿತು! ಅದನ್ನು ಕೇಳಿ ಸಭೆ ಇನ್ನೊಮ್ಮೆ ನಗುತ್ತಿತ್ತು. ಹೀಗಾಗಿ ಪ್ರತಿ ಜೋಕಿನ ನಂತರ ಹೆಂಡತಿಯ ನಗುವಿಗೆ ಕಾಯುವುದು ಮಾವನಿಗೆ ರೂಢಿಯಾಯಿತು.

ಅತ್ತೆ ತೀರಿಕೊಂಡು ನಾಲ್ಕು ವರ್ಷ. ಮಾವ ಇನ್ನೂ ಕಾಯುತ್ತಾರೆ! ಲೋಕಲ್ ರೈಲಿನಲ್ಲಿ ಸೀಟು ಹಿಡಿಯುವ ಹಾಗೆ ಆ ಕುರ್ಚಿಗೆ ಅತ್ತೆಯ ಕರ್ಚೀಫು ಹಾಕಿಡುತ್ತಾರೆ. ಸಭೆಯ ನಗು ನಿಂತ ಮೇಲೆ ತಲೆ ವಾಲಿಸಿ ಖಾಲಿ ಕುರ್ಚಿಯನ್ನೇ ನೋಡುತ್ತಾರೆ. ಫ್ಯಾನಿನ ಸದ್ದು ಬಿಟ್ಟರೆ ಹಾಲ್‌ನಲ್ಲಿ ಏನೂ ಇಲ್ಲ. ಬಳಿಕ "ಹಾಂ" ಎಂದು ತಲೆಯಾಡಿಸಿ ಮುಂದಿನ ಜೋಕು! ಇಂಥದ್ದಕ್ಕೆ ಯಾರು ತಾನೇ ನಗಬೇಕು?

ಚೆಂಬೂರಿನ ಕಾರ್ಯಕ್ರಮದಲ್ಲಿ ಒಬ್ಬರು ಕರ್ಚೀಫು ಸರಿಸಿ ಕೂತೇ ಬಿಟ್ಟರು. ಕೂತ ಹಾಗೆಯೇ ಎದ್ದರು.

"ಸೀಟು ಬಿಸಿ ಉಂಟು ಮಾರಾಯ್ರೆ! ಯಾರೋ ಈಗಷ್ಟೇ ಎದ್ದ ಹಾಗೆ!"

"ಎದ್ದದ್ದಲ್ಲ," ಎಂದರು ಮಾವ ಮೈಕಿನಲ್ಲೇ, "ನೀವು ಅವಳ ಮಡಿಲಲ್ಲೇ ಕೂತದ್ದು."

ಆ ಮನುಷ್ಯ ಚಹಾಕ್ಕೂ ನಿಲ್ಲಲಿಲ್ಲ.

ಕಳೆದ ವರ್ಷ ಮಸ್ಕತ್‌ನಿಂದ ಕರೆ ಬಂತು. ಸಹಾಯಕ್ಕೆಂದು ಸೊಸೆಯಾದ ನಾನೂ ಹೋದೆ. ಅಲ್ಲಿನ ಸಂಘಟಕರು ಮಾವನ ವಿಡಿಯೋ ನೋಡಿದ್ದರು.

"ಸರ್, ಜೋಕಾದ್ಮೇಲೆ ಹಾಗೆ ನಿಲ್ಬೇಡಿ, ಜನ ಹೆದರ್ತಾರೆ. ಫಾಸ್ಟ್ ಹೋದ್ರೆ ಗಲ್ಫಿನ ಐದು ಊರು ಫಿಕ್ಸ್. ನಿಂತ್ರೆ ಇದೇ ಲಾಸ್ಟ್."

ಗಲ್ಫ್ ಟೂರ್ ಮಾವನ ಜನ್ಮದ ಆಸೆ. ಆದರೂ ಅವರ ವಾದವೇ ಬೇರೆ. "ಉಡುಪಿಯವನಿಗೆ ಮುಂಬೈಯೇ ಫಾರಿನ್ ಮಾರಾಯ್ತಿ. ಎಲ್ಲಿ ಹೋದ್ರೂ ನಮ್ಮ ಮಾತು ಯಾರಾದ್ರೂ ಒಬ್ರಿಗೆ ಲೇಟಾಗಿ ಅರ್ಥ ಆಗ್ತದೆ. ಅವರನ್ನು ಬಿಟ್ಟು ಹೋಗ್ಲಿಕ್ಕೆ ಆಗ್ತದಾ?"

"ಇವತ್ತೊಂದು ದಿನ ಕಾಯ್ಬೇಡಿ ಮಾವಾ" ಎಂದು ಕೈ ಮುಗಿದೆ.

ಅವರು ಕಾಯಲಿಲ್ಲ. ಜೋಕಿನ ಮೇಲೆ ಜೋಕು. ಸಭೆ ಹೊಟ್ಟೆ ಹಿಡಿದು ನಕ್ಕಿತು. ನಾನು ಪರದೆಯ ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಕರ್ಚೀಫು ಹಾಕಿದ್ದ ಮೂರನೇ ಸಾಲಿನ ಕುರ್ಚಿಯತ್ತ ಒಮ್ಮೆಯೂ ಅವರು ನೋಡಲಿಲ್ಲ. ಕೊನೆಯ ಜೋಕಿಗೆ ಎಲ್ಲರೂ ನಕ್ಕು ಮುಗಿಸಿದಾಗ, ತಡೆಯಲಾರದೆ ಕತ್ತಲಲ್ಲೇ ಅತ್ತೆಯ ಹಾಗೆ ನಕ್ಕು ಕೂಗಿದೆ, "ಆತ್ತಾ ಸಮಜ್ಲಂ!"

ಮಾವ ಗಕ್ಕನೆ ನಿಂತರು. ತಲೆ ವಾಲಿಸಿ ಖಾಲಿ ಕುರ್ಚಿಯನ್ನೇ ನೋಡಿದರು. ನನ್ನ ದನಿಯೇ ಗೋಡೆಗೆ ಬಡಿದು ಮರಳಿತೋ ಏನೋ, ಕೆಳಗಿನಿಂದ ಇನ್ನೊಂದು ಸಣ್ಣ ನಗು ಕೇಳಿದಂತಾಯಿತು. ಸಭೆ ತಣ್ಣಗಾಯಿತು. ಸಂಘಟಕರು ಎದ್ದು ಹೊರಗೆ ನಡೆದರು. ಐದು ಊರೂ ಹೋದವು!

ವಾಪಸ್ ಬರುವಾಗ ವಿಮಾನದಲ್ಲಿ ಅಳುತ್ತ ಒಪ್ಪಿಕೊಂಡೆ, "ತಪ್ಪಾಯ್ತು ಮಾವಾ. ನಕ್ಕಿದ್ದು ನಾನು."

"ಗೊತ್ತುಂಟು ಮಗಳೇ." ಮಾವ ಕರ್ಚೀಫು ಮಡಚುತ್ತಿದ್ದರು. "ಆದ್ರೆ ನೀನು ಬೇಗ ನಕ್ಕೆ. ಅವಳು ನಿನ್ನ ನಂತರ ನಕ್ಕಳು. ಕೇಳಿಸ್ಲಿಲ್ವಾ?"

ನಮ್ಮಿಬ್ಬರ ನಡುವಿನ ಸೀಟು ಖಾಲಿಯಿತ್ತು. ಅವರ ಕೈಯಿಂದ ಕರ್ಚೀಫು ತೆಗೆದುಕೊಂಡು ನಾನೇ ಅಲ್ಲಿ ಹಾಸಿದೆ.