ಗಾಳಿಗೂಡಿನ ಪಾಠ ಮುಗಿಸಿದ ಬಗೆ

ದೊಡ್ಡಬಳ್ಳಾಪುರದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳಿಗೆ ತಮಾಷೆಯ ಪ್ರಸಂಗಗಳು ಎದುರಾಗುತ್ತಲೇ ಇರುತ್ತವೆ. ಮನಸ್ಸು ಸರಿಯಿಲ್ಲದ ವರ್ಷವೂ ಬಿಡುವುದಿಲ್ಲ. ಹೋದ ವರ್ಷ ನನ್ನ ಯಜಮಾನರು ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡರು. ಈ ವರ್ಷ ಹತ್ತನೇ ತರಗತಿಗೆ ಶ್ವಾಸಕೋಶದ ಪಾಠವನ್ನು ಮುಂದೂಡುತ್ತಲೇ ಬಂದೆ. ಪರೀಕ್ಷೆ ಹತ್ತಿರವಾಯಿತು. ಮಕ್ಕಳೆದುರು ಅಳದೆ ಆ ಒಂದು ಪೀರಿಯಡ್ ಮುಗಿಸಬೇಕಿತ್ತು, ಅಷ್ಟೇ.

೧. ಮಾದರಿ

ಹಿಂದಿನ ಸಂಜೆ ಮನೆಯಲ್ಲಿ ಬಾಟಲಿಯೊಳಗೆ ಎರಡು ಬಲೂನು ಕಟ್ಟಿ, ತಳಕ್ಕೆ ರಬ್ಬರ್ ಹಾಳೆ ಬಿಗಿದು ಮಾದರಿ ಮಾಡಿದೆ. ಹಾಳೆ ಎಳೆದರೆ ಬಲೂನು ಉಬ್ಬುತ್ತಿತ್ತು. ತೋರಿಸಲು ಯಾರೂ ಇರಲಿಲ್ಲ. ಸುಮ್ಮನೆ ಎಳೆಯುತ್ತಾ ಕುಳಿತಿದ್ದೆ. ಹೆಪ್ಪಿಗೆ ಮೊಸರು ಕೇಳಲು ಪಕ್ಕದ ಮನೆಯ ಅಜ್ಜಿ ಬಂದರು.

“ಏನವ್ವಾ ಅದು?”

“ಶ್ವಾಸಕೋಶ ಅಜ್ಜಿ. ನೋಡಿ, ಉಸಿರಾಡುತ್ತೆ.”

ಅಜ್ಜಿ ಬಗ್ಗಿ ಬಾಟಲಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಒಬ್ಬಳೇ ಇರೋಕೆ ಬೇಜಾರಾದ್ರೆ ಒಂದು ಬೆಕ್ಕು ಸಾಕ್ಕೋ ತಾಯಿ. ಇದು ಬರೀ ಉಸಿರಾಡುತ್ತೆ.”

೨. ಒಂದೇ ಬಾಗಿಲು

ಮರುದಿನ ಬೋರ್ಡಿನ ಮೇಲೆ ಶ್ವಾಸಕೋಶದೊಳಗಿನ ಪುಟ್ಟ ಗಾಳಿಗೂಡಿನ ಚಿತ್ರ ಬರೆದು, “ಇದರ ಗೋಡೆ ಒಂದೇ ಜೀವಕೋಶದಷ್ಟು ತೆಳು. ಆಮ್ಲಜನಕ ಗೂಡಿನಿಂದ ರಕ್ತಕ್ಕೆ, ಕಾರ್ಬನ್ ಡೈಆಕ್ಸೈಡ್ ರಕ್ತದಿಂದ ಗೂಡಿಗೆ ದಾಟುತ್ತವೆ” ಎಂದೆ.

ಮಗ್ಗದ ಮನೆಯ ಹುಡುಗಿ ಎದ್ದಳು. “ನಮ್ಮನೇಲೂ ಹಂಗೇ ಮಿಸ್. ಮಾಲೀಕರು ನೂಲು ಕೊಡ್ತಾರೆ, ನಾವು ಸೀರೆ ಕೊಡ್ತೀವಿ. ಒಂದೇ ಬಾಗಿಲು.”

“ಸರಿ. ಆದರೆ ಇಲ್ಲಿ ಕೊಡುವವರು ಯಾರೂ ಇಲ್ಲ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾನಾಗಿಯೇ ಹೋಗುತ್ತದೆ.”

“ಹಂಗಾದ್ರೆ ಮಾಲೀಕರ ಬೀರೂಲಿರೋ ಸೀರೆ ನಮ್ಮಮ್ಮನ ಟ್ರಂಕಿಗೆ ಯಾಕೆ ಬರಲ್ಲ ಮಿಸ್?”

೩. ನನ್ನ ಸರದಿ

ಕಾರ್ಬನ್ ಡೈಆಕ್ಸೈಡ್ ಹೊರಹೋಗದಿದ್ದರೆ ಹೇಗಿರುತ್ತದೆಂದು ತಿಳಿಯಲು ಒಬ್ಬೊಬ್ಬರಾಗಿ ಉಸಿರು ಹಿಡಿಯಲು ಹೇಳಿದೆ. ಉಳಿದವರು ಎಣಿಸಿದರು. ಇಪ್ಪತ್ತೈದು, ಮೂವತ್ತಕ್ಕೆಲ್ಲ ಬಿಟ್ಟರು. ಬಳಿಕ ಪಾಠ ಮುಂದುವರಿಸಿದೆ:

“ಕೆಲವು ಕಾಯಿಲೆಗಳಲ್ಲಿ ಈ ಗೋಡೆ ದಪ್ಪವಾಗುತ್ತದೆ. ಆಗ ಗಾಳಿ ಒಳಗೆ ಬಂದರೂ...”

ಮುಂದಿನ ಮಾತು ಬರಲಿಲ್ಲ. ತುಟಿ ಬಿಗಿಹಿಡಿದು ಬೋರ್ಡಿನ ಕಡೆ ತಿರುಗಿದೆ. ಹಿಂದಿನಿಂದ ಕೇಳಿಸಿತು: “ಒಂದು... ಎರಡು... ಮೂರು...”

ನನ್ನ ಸರದಿ ಎಂದುಕೊಂಡಿದ್ದರು! ಇಪ್ಪತ್ತಕ್ಕೆ ಇಡೀ ತರಗತಿ ಬೆಂಚು ಬಡಿಯುತ್ತಿತ್ತು. ಮೂವತ್ತೈದು ದಾಟಿದಾಗ ಮುಂದಿನ ಬೆಂಚಿನವಳು ಗಾಬರಿಯಿಂದ ಕೂಗಿದಳು: “ಸಾಕು ಬಿಡಿ ಮಿಸ್, ನೀವೇ ಗೆದ್ರಿ!”

ನಗು ಬಂದುಬಿಟ್ಟಿತು, ಕಣ್ಣೀರೂ ಬಂತು. ಒರೆಸಿಕೊಂಡು, “ಆಮ್ಲಜನಕ ರಕ್ತಕ್ಕೆ ದಾಟುವುದು ಕಷ್ಟವಾಗುತ್ತದೆ” ಎಂದು ವಾಕ್ಯ ಮುಗಿಸಿದೆ. ಬೆಲ್ ಹೊಡೆಯಿತು.

ಕೊನೆಯ ಬೆಂಚಿನವಳೊಬ್ಬಳು ಮಾತ್ರ ಬಾಗಿಲವರೆಗೆ ಬಂದು ಸಮಾಧಾನ ಹೇಳಿದಳು: “ಬೇಜಾರ್ ಮಾಡ್ಕೋಬೇಡಿ ಮಿಸ್. ನಗದೇ ಇದ್ದಿದ್ರೆ ನಲವತ್ತು ಆಗೇ ಆಗೋದು.”