ಸೌದಾಮಿನಿ ಸತ್ತಮೇಲಿನ ಐದು ಪುಟ

ಆ ದಿನ ಮಧುಗಿರಿಯಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಮೂಲ ಐದು ಖಾಲಿ ಪುಟಗಳು. ಬರೆದದ್ದಕ್ಕಾಗಿ ಪೆಟ್ಟು ತಿಂದ ಲೇಖಕರು ಬೇಕಾದಷ್ಟಿದ್ದಾರೆ. ಬರೆಯದೆ ಬಿಟ್ಟ ಜಾಗಕ್ಕಾಗಿ ಪಾಡುಪಟ್ಟವನು ಪ್ರಭುದೇವ್ ಒಬ್ಬನೇ.

ಪ್ರಭುದೇವ್ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಅವನು ಮೈಕಿನಲ್ಲಿ ಗಂಟಲು ಸರಿಮಾಡಿಕೊಂಡರೆ ಸಾಕು, ಸಿರಾ ಬಸ್ಸು ಹೊರಡುತ್ತಿತ್ತು, ಪಾವಗಡದ್ದು ಹಿಂದೆ ಸರಿಯುತ್ತಿತ್ತು. ಅವನ ಮಾತು ಕೇಳದವರೆಂದರೆ ಅವನ ಕಾದಂಬರಿಯ ನಾಯಕಿಯರು ಮಾತ್ರ. ಬರೆಯುವಾಗ ಕೊಂದರೂ ಅಚ್ಚಾಗುವ ಹೊತ್ತಿಗೆ ಬದುಕಿಕೊಂಡುಬಿಡುತ್ತಿದ್ದರು.

ಅದಕ್ಕೆ ಕಾರಣ ಅವನ ಪ್ರಕಾಶಕರು, ತುಮಕೂರಿನ ಮಲ್ಲಿಕಾರ್ಜುನಯ್ಯ. ಪುಸ್ತಕ ಅಚ್ಚಾಗುವುದು ಹದಿನಾರು ಹದಿನಾರು ಪುಟದ ಕಂತೆಗಳಾಗಿ. ಒಂದು ಕಂತೆಗೆ ಒಂದು ಫಾರ್ಮಾ ಎನ್ನುತ್ತಾರೆ. ಪ್ರಭುದೇವನ ಹಿಂದಿನ ಕಾದಂಬರಿ ನೂರ ಅರವತ್ತೈದು ಪುಟ ಬಂದಿತ್ತು. ಹತ್ತು ಫಾರ್ಮಾಗೆ ನೂರ ಅರವತ್ತೇ ಪುಟ. “ಐದು ಪುಟಕ್ಕೋಸ್ಕರ ಇನ್ನೊಂದು ಫಾರ್ಮಾ ಯಾರು ಹಾಕ್ತಾರ್ರೀ?” ಎಂದ ಮಲ್ಲಿಕಾರ್ಜುನಯ್ಯನವರು ಕೊನೆಯ ಐದು ಪುಟವನ್ನು ಹುರುಳಿಕಾಯಿ ತೊಟ್ಟು ಮುರಿದಂತೆ ಮುರಿದು ಹಾಕಿದರು. ನಾಯಕಿ ಸಾಯಬೇಕಾಗಿದ್ದುದು ಆ ಐದು ಪುಟದಲ್ಲಿ. ಬಾವಿಕಟ್ಟೆಯ ಮೇಲೆ ಒಂದು ಕಾಲೆತ್ತಿ ನಿಂತವಳು ಇಂದಿಗೂ ಹಾಗೇ ನಿಂತಿದ್ದಾಳೆ. “ಆಮೇಲೆ ಬಿದ್ಲಾ ಸಾರ್?” ಎಂದು ಓದುಗರು ಬಸ್ಸಿನ ಕಿಟಕಿಯಿಂದ ಕೇಳುತ್ತಿದ್ದರು. ಬಸ್ಸು ಹೊರಟರೂ ಅವಳು ಹೊರಡುತ್ತಿರಲಿಲ್ಲ.

ಅದಕ್ಕೇ ಈ ಸಲ ಪ್ರಭುದೇವ್ ತಾನೇ ಪ್ರಕಾಶಕನಾದ. ಕಾದಂಬರಿಯ ಹೆಸರು ‘ಸೌದಾಮಿನಿ’. ನೂರ ಎಂಬತ್ತೇಳನೇ ಪುಟದಲ್ಲಿ ಆಕೆ ಮಧುಗಿರಿ ಬೆಟ್ಟದ ತುದಿಯಿಂದ ಧುಮುಕಿ ಪ್ರಾಣ ಬಿಡುತ್ತಾಳೆ. ಬಿಡಲೇಬೇಕು, ಅದಕ್ಕಾಗಿ ತಾನೇ ಇಷ್ಟೆಲ್ಲ. ಆ ದಿನ ಸಂಜೆ ಐದಕ್ಕೆ ಬಿಡುಗಡೆ. ಮುಖ್ಯ ಅತಿಥಿಯಾಗಿ ಬೇಕೆಂದೇ ಮಲ್ಲಿಕಾರ್ಜುನಯ್ಯನವರನ್ನು ಕರೆದಿದ್ದ. ತನ್ನ ನಾಯಕಿ ಪೂರ್ತಿ ಸತ್ತದ್ದನ್ನು ಅವರು ಕಣ್ಣಾರೆ ನೋಡಬೇಕು!

ಬೆಳಿಗ್ಗೆ ಎಂಟಕ್ಕೆ ಪ್ರೆಸ್ಸಿನ ಸಂಜೀವಯ್ಯ ಫೋನ್ ಮಾಡಿದ. “ಸಾರ್, ಹನ್ನೊಂದು ಫಾರ್ಮಾ ಆಗೋತು. ಹನ್ನೆರಡನೇದ್ರಾಗೆ ನಿಮ್ಮ ಅಮ್ಮಣ್ಣಿ ಸತ್ ಮ್ಯಾಲೆ ಐದು ಪುಟ ಖಾಲಿ ಬತ್ತದೆ. ಏನ್ ಹಾಕವಾ?”

“ಏನೂ ಬೇಡ, ಖಾಲಿ ಬಿಡಿ.”

“ಖಾಲಿ ಬುಡಾದಾ! ಇದು ಲಗ್ನಪತ್ರಿಕೆ ಹೊಡಿಯೋ ಮಿಷನ್ ಸಾರ್. ಸಾವು ಹೊಡ್ದು ಅಂಗೇ ನಿಲ್ಸಂಗಿಲ್ಲ. ನಮ್ಮಪ್ಪನ ಕಾಲದಿಂದ್ಲೂ ತಿಥಿ ಕಾರ್ಡ್ ಹೊಡದ್ರೆ ಅದರ ಮ್ಯಾಲೊಂದು ನಾಮಕರಣದ ಕಾರ್ಡಾದ್ರೂ ಹೊಡ್ದೇ ಸ್ವಿಚ್ ಆರ್ಸಾದು. ಕಡೀಗೆ ಒಂದು ಶುಭದ ಅಕ್ಷರ ಬೀಳ್ಬೇಕು.”

ಸಂಜೀವಯ್ಯ ಇದನ್ನು ಹೇಳಿದ್ದು ಟೀ ಅಂಗಡಿಯಲ್ಲಿ ನಿಂತು, ಅದೂ ಮಿಷನ್ ಸದ್ದಿಗೆ ಒಗ್ಗಿದ ಗಂಟಲಿನಲ್ಲಿ. ಪ್ರಭುದೇವ್ ಫೋನ್ ಇಡುವುದರೊಳಗೆ ಪಕ್ಕದ ಮನೆಯ ತಿಪ್ಪೇಶ್ ಬಾಗಿಲಲ್ಲಿದ್ದ. ಪಾವಗಡದ ಕಡೆಯವನು, ಅರ್ಧ ತೆಲುಗಿನವನು, ಬೋರ್‌ವೆಲ್ ಲಾರಿ ಇಟ್ಟವನು.

“ಏಮಿ ಸಾಮಿ, ಐದು ಪೇಜು ಖಾಲಿ ಅಂಟ? ನಮ್ದೊಂದು ಅಡ್ವಟೈಜು ಹಾಕು. ಮ್ಯಾಟ್ರು ರೆಡಿ ಐತೆ. ‘ಸೌದಾಮಿನಿ ಬೆಟ್ಟದಿಂದ ಕೆಳಗೆ ಹೋದಳು. ಅದಕ್ಕಿಂತ ಆಳಕ್ಕೆ ಹೋಗಬೇಕೆ? ತಿಪ್ಪೇಶ್ ಬೋರ್‌ವೆಲ್ಸ್!’ ಎಟ್ಲುಂದಿ, ಚೆನ್ನಾಗೈತಾ?”

ಅವನನ್ನು ಸಾಗಹಾಕುವಷ್ಟರಲ್ಲಿ ಸೋದರತ್ತೆ ಕರಿಬಸಮ್ಮ ಸೆರಗಿನಲ್ಲಿ ಫೋಟೊ ಮುಚ್ಚಿಕೊಂಡು ಬಂದಳು. “ನಿಮ್ಮಾವ ಹೋಗಿ ಮೂರು ವರ್ಷ ಆಯ್ತು ಕಣೋ. ಎಂಗೂ ಆ ಹುಡುಗಿ ಸತ್ತವ್ಳಲ್ಲ, ಅವಳ್ ಪಕ್ಕದಾಗೆ ಇದನ್ನೂ ಹಾಕ್ಬುಡು. ಇಬ್ರಿಗೂ ಸೇರಿ ಒಂದೇ ಶ್ರದ್ಧಾಂಜಲಿ ಸಾಕು.”

“ಪ್ರಕಾಶಕರು ಒಪ್ಪಲ್ಲ ಅತ್ತೆ,” ಎಂದ ಪ್ರಭುದೇವ್, ಹಳೆಯ ಅಭ್ಯಾಸಬಲದಿಂದ.

“ಯಾವನ್ಲಾ ಅವನು ಪ್ರಕಾಶಕ?”

“…ನಾನೇ.”

“ಮತ್ತೆ ಒಪ್ಕೊ!”

ಪ್ರಕಾಶಕನೆಂಬ ಪ್ರಾಣಿ ಲೋಕದಲ್ಲಿ ಯಾಕಿದೆಯೆಂದು ಪ್ರಭುದೇವನಿಗೆ ಆಗ ಮೊದಲ ಬಾರಿ ಹೊಳೆಯಿತು. ಬೈಕು ಹತ್ತಿ ಪ್ರೆಸ್ಸಿಗೆ ಓಡಿದ.

ಅಲ್ಲಿ ಇನ್ನೊಂದು ಫಜೀತಿ. ಲಗ್ನಪತ್ರಿಕೆ ಒಯ್ಯಲು ಕೊಳಾಲದಿಂದ ಬಂದಿದ್ದ ಗಂಡಿನ ತಂದೆ ಮೇಜಿನ ಮೇಲಿದ್ದ ಹಾಳೆ ಎತ್ತಿಕೊಂಡು, “ಬಂಡೆಯ ಮೇಲೆ ಅವಳ ಬಳೆಚೂರುಗಳು…” ಎಂದು ಜೋರಾಗಿ ಓದುತ್ತಿದ್ದ. “ಸಂಜೀವಣ್ಣ, ಇದೂ ನಮ್ ಕಾರ್ಡಿನಾಗೆ ಬತ್ತದಾ?”

ಸಂಜೀವಯ್ಯ ಹಾಳೆಯನ್ನು ಕಿತ್ತುಕೊಂಡ. ಅವನನ್ನು ಕಳಿಸಿ, ಪ್ರಭುದೇವನತ್ತ ಕೈ ಮುಗಿದ. “ನೋಡಿದ್ರಾ ಸಾರ್? ಒಂದು ‘ಶುಭಂ’ ಆದ್ರೂ ಹಾಕವಾ.”

“ಕೊನೇ ಅಕ್ಷರ ಅವಳ ಸಾವು. ಅಷ್ಟೇ.”

ಕಂಪ್ಯೂಟರಿನ ಹಿಂದಿನಿಂದ ಲೋಹಿತಾ ತಲೆ ಎತ್ತಿದಳು. ಒಂಬತ್ತು ವರ್ಷದಿಂದ ಆ ಪ್ರೆಸ್ಸಿನ ಲಗ್ನಪತ್ರಿಕೆಗಳನ್ನೆಲ್ಲ ಟೈಪ್ ಮಾಡಿದವಳು. “ಸಾಯ್ಲೇಬೇಕಾ ಸಾರ್ ಅವಳು? ನೂರೆಂಬತ್ತೇಳು ಪುಟ ಜೊತೇಲಿದ್ದೆ. ನನ್ ಬೆರಳಿಗೆಲ್ಲ ಒಂಥರಾ ಆಗೋಯ್ತು.”

“ಸಾಯ್ಲೇಬೇಕಮ್ಮ!”

ಬಾಯಿಮಾತನ್ನು ನಂಬಿ ಕೆಟ್ಟವನಾದ್ದರಿಂದ ಪ್ರಭುದೇವ್ ಒಂದು ಚೀಟಿ ಬರೆದು, ಇಲಾಖೆಯ ಶೈಲಿಯಲ್ಲೇ ಸಹಿ ಹಾಕಿ ಅವಳ ಕೈಗಿತ್ತ: ‘ಪುಟ ಒಂದರಿಂದ ನೂರ ಎಂಬತ್ತೇಳರವರೆಗೆ ಒಂದಕ್ಷರವನ್ನೂ ಮುಟ್ಟತಕ್ಕದ್ದಲ್ಲ.’ ಅಷ್ಟರಲ್ಲಿ ತುಮಕೂರು ಬಸ್ಸು ಬರುವ ವೇಳೆಯಾಯಿತು. ಅತಿಥಿಯನ್ನು ಕರೆತರಲು ಓಡಿದ.

ಸಂಜೆ ಸಭಾಂಗಣ ತುಂಬಿತ್ತು. ಸಂಜೀವಯ್ಯ ಐವತ್ತು ಪ್ರತಿ ಹೊತ್ತು ತಂದು ಕಿವಿಯಲ್ಲಿ ಉಸುರಿದ: “ಗೋಂದು ಇನ್ನೂ ಹಸಿ ಐತೆ ಸಾರ್. ಮೆಲ್ಲಗೆ ಬಿಚ್ಚಕ್ಕೇಳಿ.”

ಮೆಲ್ಲಗೆ ಎಂಬುದು ಮಲ್ಲಿಕಾರ್ಜುನಯ್ಯನವರಿಗೆ ಒಗ್ಗದ ಪದ. ಬಣ್ಣದ ಕಾಗದವನ್ನು ಸರ್ರನೆ ಹರಿದು ಪುಸ್ತಕ ಎತ್ತಿ ಹಿಡಿದರು. ಕ್ಯಾಮೆರಾ ಮಿಂಚಿತು. ಅದೇ ಗಳಿಗೆಗೆ ಹನ್ನೆರಡನೇ ಫಾರ್ಮಾ ಎಳನೀರಿನ ಗಂಜಿಯಂತೆ ಜಾರಿ ಅವರ ಅಂಗೈಗೆ ಬಿತ್ತು. ಸಭಿಕರ ಕೈಯಲ್ಲೂ ಅದೇ ಕಥೆ. ಮೊದಲ ಹನ್ನೊಂದು ಫಾರ್ಮಾ ತಟ್ಟೆಯಲ್ಲಿ ತಣ್ಣಗಾದ ಹೋಳಿಗೆಗಳಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಚ್ಚಿಕೊಂಡದ್ದು ಕೊನೆಯದೊಂದೇ. ಓದಲು ಬಂದದ್ದನ್ನು ಜನ ಓದತೊಡಗಿದರು.

ಪ್ರಭುದೇವ್ ವೇದಿಕೆಯ ಮೇಲಿಂದ ಅವರ ಮುಖ ನೋಡುತ್ತ ಪುಟ ಎಣಿಸಿದ. ನೂರ ಎಂಬತ್ತೈದು… ಎಂಬತ್ತಾರು… ಎಂಬತ್ತೇಳು. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಸತ್ತಳು! ಅವನ ಎದೆ ಉಬ್ಬಿತು, ಕಣ್ಣು ತುಂಬಿತು. ಜೀವಮಾನದ ಮೊದಲ ಶವ!

ಆದರೆ ಜನ ಹಾಳೆ ಮಗುಚಿದರು. ಬಿಕ್ಕಿದವಳು ಮೂಗು ಒರೆಸಿಕೊಂಡು ನಕ್ಕಳು. ಹಿಂದಿನಿಂದ ಶಿಳ್ಳೆ ಬಂತು. ಕರಿಬಸಮ್ಮ ಎದ್ದು ನಿಂತು ಕೂಗಿದಳು: “ಬದುಕ್ಬುಟ್ಲು ಕಣ್ರಪ್ಪೋ!”

ಪ್ರಭುದೇವ್ ವೇದಿಕೆಯಿಂದ ಇಳಿದು ಒಂದು ಪ್ರತಿ ಕಿತ್ತುಕೊಂಡ. ನೂರ ಎಂಬತ್ತೆಂಟನೇ ಪುಟದಲ್ಲಿ ಸೌದಾಮಿನಿ ಬಂಡೆಯಿಂದ ಪುಟಿದು, ಬೆಟ್ಟದ ಬುಡದಲ್ಲಿ ಹೋಗುತ್ತಿದ್ದ ಕಡ್ಲೆಕಾಯಿ ಬಳ್ಳಿಯ ಟ್ರ್ಯಾಕ್ಟರಿಗೆ ಬಿದ್ದಿದ್ದಳು. ಡ್ರೈವರ್ ಕೊಳಾಲದವನು, ಒಳ್ಳೆಯ ಮನೆತನ. ಕೊನೆಯ ಪುಟವಂತೂ ಸಾಕ್ಷಾತ್ ಲಗ್ನಪತ್ರಿಕೆ. ಗೊರವನಹಳ್ಳಿಯಲ್ಲಿ, ಬರುವ ಭಾನುವಾರ ಒಂಬತ್ತೂವರೆಗೆ ಮುಹೂರ್ತ. ಉಡುಗೊರೆಗಿಂತ ನಿಮ್ಮ ಆಶೀರ್ವಾದವೇ ಹೆಚ್ಚು. “ಎಷ್ಟು ಗಂಟೆ ಬಸ್ಸು ಹಿಡಿಯೋಣಪ್ಪ?” ಎಂದು ಅತ್ತೆ ಆಗಲೇ ಕೇಳುತ್ತಿದ್ದಳು.

ಲೋಹಿತಾ ಗೋಡೆ ಪಕ್ಕ ನಿಂತಿದ್ದಳು. “ನೂರೆಂಬತ್ತೇಳರವರೆಗೆ ಮುಟ್ಟಿಲ್ಲ ಸಾರ್. ಚೀಟಿ ಇಲ್ಲೇ ಇದೆ.”

ಮಲ್ಲಿಕಾರ್ಜುನಯ್ಯನವರು ಮೈಕು ಹಿಡಿದು ಕೆಮ್ಮಿದರು. “ಮೂವತ್ತು ವರ್ಷದಿಂದ ಪ್ರಕಾಶನ ಮಾಡ್ತಾ ಇದ್ದೀನಿ, ಇಂಥಾ ಐದು ಪುಟ ನೋಡಿಲ್ಲ. ಇದನ್ನ ಬರೆದ ಕೈ ಯಾವುದು? ನನ್ನ ಮುಂದಿನ ಪುಸ್ತಕ ಆ ಕೈಯದು!”

ಸಭೆಯೆಲ್ಲ ಪ್ರಭುದೇವನತ್ತ ತಿರುಗಿತು. ಆತ್ಮಸಾಕ್ಷಿ ಒಂದು ಕ್ಷಣ ಹೋರಾಡಿ ಸೋತಿತು. ಅವನು ನಿಧಾನವಾಗಿ ಕೈ ಎತ್ತಿದ. ಅಷ್ಟರಲ್ಲಿ ಮಲ್ಲಿಕಾರ್ಜುನಯ್ಯನವರು ಕನ್ನಡಕ ಸರಿಪಡಿಸಿ ಪುಟದ ತಳ ಓದಿದರು. ಆ ಪ್ರೆಸ್ಸಿನ ಎಲ್ಲ ಲಗ್ನಪತ್ರಿಕೆಗಳಲ್ಲಿ ಇರುವಂತೆ ಅಲ್ಲೂ ಒಂದು ಸಣ್ಣ ಸಾಲಿತ್ತು: ‘ಅಕ್ಷರ ಜೋಡಣೆ: ಲೋಹಿತಾ’.

ಎತ್ತಿದ ಕೈಯಿಂದ ಪ್ರಭುದೇವ್ ತಲೆ ಕೆರೆದುಕೊಂಡ.

ಶಾಲು ಲೋಹಿತಾಳ ಹೆಗಲೇರಿತು. ಕಾದಂಬರಿಯ ಒಪ್ಪಂದ ವೇದಿಕೆಯ ಮೇಲೇ ಕುದುರಿತು. ಕೆಳಗಿಳಿದವಳು ನೇರ ಪ್ರಭುದೇವನ ಬಳಿ ಬಂದಳು. “ಸಾರ್, ನೀವು ಹಿರೀರು. ನನ್ ಪುಸ್ತಕಕ್ಕೆ ಮುನ್ನುಡಿ ನೀವೇ ಬರ್ಕೊಡ್ಬೇಕು.”

ಪ್ರಭುದೇವ್ ಕರಗಿದ. ಮುನ್ನುಡಿಯಲ್ಲಾದರೂ ಯಾರನ್ನೋ ಒಬ್ಬರನ್ನು ಕೊಲ್ಲಬಹುದಲ್ಲ ಎನ್ನಿಸಿತು. “ಎಷ್ಟು ಪುಟ ಬರೀಲಮ್ಮ?”

ಉತ್ತರ ಕೊಟ್ಟವರು ಮಲ್ಲಿಕಾರ್ಜುನಯ್ಯ, ಬೆರಳೆಣಿಸುತ್ತ. “ಹತ್ತು ಫಾರ್ಮಾ ಅಂತ ಮಾತಾಗಿದೆ. ನಿಮಗೆ ಅಂತ ಒಂದು ಪುಟ ಉಳಿಯುತ್ತೆ. ಅದರಲ್ಲಿ ಅರ್ಧ ಪುಟ ಆಗಲೇ ಬೋರ್‌ವೆಲ್‌ನೋರು ತಗೊಂಡಿದ್ದಾರೆ.”