ಶೆಟ್ಲಿ ಸಿಪ್ಪೆಯೂ ನನ್ನ ದವಡೆಯೂ

ತಮ್ಮ ದೇಹ ತಮ್ಮ ಮಾತು ಕೇಳುತ್ತದೆ ಎಂದು ನಂಬಿಕೊಂಡವರು ಒಮ್ಮೆ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಬೇಕು. ಆರು ವರ್ಷದ ಹಿಂದೆ ಕೀಳಿಸಿದ ದವಡೆ ಹಲ್ಲಿನ ಜಾಗವನ್ನು ನಾನು ಹಾಗೇ ಬಿಟ್ಟಿದ್ದೆ. ನಕ್ಕರೆ ಕಾಣುವುದಿಲ್ಲ, ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ, ಇನ್ನೇನು ಬೇಕು? ಈ ವರ್ಷ ಪಕ್ಕದ ಹಲ್ಲೂ ಅಲುಗಾಡತೊಡಗಿದಾಗ ಹೆದರಿ, ಇಂಪ್ಲಾಂಟ್ ಹಾಕಿಸಲು ಕಾರವಾರದ ಡಾಕ್ಟರಮ್ಮನ ಬಳಿ ಹೋದೆ. ಅವರು ಎಕ್ಸ್‌ರೇ ನೋಡಿ, "ಮೇಡಂ, ಸ್ಕ್ರೂ ಕೂರಿಸ್ಲಿಕ್ಕೆ ಎಲುಬೇ ಸಾಲ್ತಾ ಇಲ್ಲ. ಹಲ್ಲು ಹೋದ ಮೇಲೆ ಅಲ್ಲಿಯ ಎಲುಬು ಕರಗ್ತಾ ಹೋಗ್ತದೆ" ಎಂದರು. ನಾನು ದಂಗಾದೆ. ಅರ್ಜಿ ಬರೆದಿಡದೆ ಅರ್ಧ ದಿನದ ರಜೆಯನ್ನೂ ಹಾಕದ ಗುಮಾಸ್ತೆ ನಾನು. ನನ್ನ ಎಲುಬು ಮಾತ್ರ ಒಂದು ಮಾತೂ ಹೇಳದೆ ಆರು ವರ್ಷದಿಂದ ಹೊರಟುಹೋಗುತ್ತಿತ್ತು!

ಆ ದಿನ ಜೊತೆಗೆ ಆಯಿ, ಅಂದರೆ ನನ್ನ ತಾಯಿ, ಬಂದಿದ್ದಳು. ಕಡಲದಂಡೆಯ ನಮ್ಮೂರು ಹಾರವಾಡದಲ್ಲಿ ಮೀನು ಮಾರಿಯೇ ನನ್ನನ್ನು ಓದಿಸಿದವಳು. ನೌಕರಿ ಸಿಕ್ಕ ಮೇಲೆ ನಾನು ಮಾಡಿದ ಮೊದಲ ಘನಕಾರ್ಯವೆಂದರೆ, ಕಾರವಾರದ ನನ್ನ ಮನೆಯಲ್ಲಿ ಶೆಟ್ಲಿ ಸುಲಿಯಬೇಡವೆಂದು ಅವಳಿಗೆ ಹೇಳಿದ್ದು. ಶೆಟ್ಲಿಯೆಂದರೆ ಸಿಗಡಿ. ಅದರ ಸಿಪ್ಪೆಯ ವಾಸನೆ ಸೀರೆಗೆ ಹತ್ತಿ ಕಚೇರಿಯವರೆಗೂ ಬರುತ್ತದೆಂಬ ಭಯ. ಆಯಿ ಅಂದಿನಿಂದ ಊರಲ್ಲೇ ಸುಲಿದು, ತೊಳೆದು, ಡಬ್ಬಿಯಲ್ಲಿ ತಂದುಕೊಡುತ್ತಿದ್ದಳು.

"ಎಲುಬು ಬೆಳೆಸೂಕೆ ಮದ್ದಿಲ್ವ?" ಎಂದು ಆಯಿ ಕೇಳಿದಳು.

"ಸದ್ಯ ಎಲುಬಿನ ಪುಡಿ ತುಂಬ್ತೇವೆ ಅಜ್ಜಿ. ಆದರೆ ಹೊಸ ಪ್ರಯೋಗ ನಡೀತಾ ಇದೆ. ಕೂದಲಿಗಿಂತ ನೂರಾರು ಪಟ್ಟು ಸಣ್ಣ ಕಣಗಳೊಳಗೆ ಮದ್ದು ತುಂಬಿ, ಬೇಕಾದ ಜಾಗಕ್ಕೇ ಬಿಡೋದು. ಅದು ಸ್ವಲ್ಪ ಸ್ವಲ್ಪವೇ ಹೊರಗೆ ಬಂದು ಎಲುಬು ಬೆಳೆಸ್ತದೆ. ನ್ಯಾನೋ ಕಣ ಅಂತಾರೆ. ಕೆಲವನ್ನು ಶೆಟ್ಲಿ ಸಿಪ್ಪೆಯಿಂದ ತೆಗೆದ ವಸ್ತುವಿನಿಂದಲೇ ಮಾಡ್ತಾರೆ."

ನನ್ನ ಬಾಯಿ ಮುಚ್ಚಲಿಲ್ಲ. ಡಾಕ್ಟರಮ್ಮ ಇನ್ನೂ ಪರೀಕ್ಷೆ ಮುಗಿದಿಲ್ಲವೆಂದುಕೊಂಡು ಮತ್ತೊಮ್ಮೆ ಕನ್ನಡಿ ತೂರಿಸಿದರು. ಆಯಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ಕೇಳಿದ್ಯೇನೇ? ಸಿಪ್ಪೆಯಂತೆ!"

ಪುಡಿ ತುಂಬುವ ದಿನ ಬಂತು. ಆಯಿಗೆ ಫೋನಿನಲ್ಲಿ ತಾರೀಖು ಹೇಳಿದ್ದೇ ನನ್ನ ತಪ್ಪು. ಕೆಲಸ ಮುಗಿಸಿಕೊಂಡು, ಅರ್ಧ ಮುಖ ಮರಗಟ್ಟಿ ಹೊರಗೆ ಬಂದರೆ, ಕಾಯುವ ಕೋಣೆಯಲ್ಲಿ ಆಯಿ ಕೂತಿದ್ದಾಳೆ! ಕಾಲ ಬಳಿ ತುಂಬಿದ ಚೀಲ. ಎಸಿ ಹಾಕಿದ ಕೋಣೆಯ ತುಂಬ ಹಾರವಾಡದ ದಂಡೆಯೇ ಬಂದು ನಿಂತಂತೆ ವಾಸನೆ. ಎದುರು ಕೂತ ಹೆಂಗಸೊಬ್ಬರು ಮೂಗಿಗೆ ಕರ್ಚೀಫು ಹಿಡಿದಿದ್ದರು.

ನನ್ನ ಹಿಂದೆಯೇ ಬಂದ ಡಾಕ್ಟರಮ್ಮನಿಗೆ ಆಯಿ ಚೀಲ ತೋರಿಸಿದಳು. "ಎರಡು ವಾರದಿಂದ ತೊಳೆದು ಒಣಗಿಸಿದ್ದೇನೆ ಡಾಕ್ಟರಮ್ಮ. ಒಂದು ಕಲ್ಲೂ ಇಲ್ಲ. ಅದೆಂತದೋ ಕಣ ಮಾಡ್ತಾರಲ, ಅವ್ರಿಗೆ ಕಳ್ಸಿಕೊಡಿ. ಮಗಳ ಬಾಯಿಗೆ ಬೇಕು ಅಂತ."

ಡಾಕ್ಟರಮ್ಮ ನಗಲಿಲ್ಲ. ಬಗ್ಗಿ, ಒಂದು ಹಿಡಿ ಸಿಪ್ಪೆ ಎತ್ತಿಕೊಂಡು ನೋಡಿದರು. "ಎಷ್ಟು ಸ್ವಚ್ಛ ಮಾಡಿದ್ದೀರಿ ಅಜ್ಜಿ! ಆದರೆ ಅದಿನ್ನೂ ನಮ್ಮ ದವಾಖಾನೆವರೆಗೆ ಬಂದಿಲ್ಲ. ಇವತ್ತು ಬೇರೆ ಪುಡಿ ಹಾಕಿದ್ದೇನೆ."

"ಹೌದಾ," ಎಂದಳು ಆಯಿ. ಚೀಲದ ಬಾಯಿ ಕಟ್ಟುವ ಅವಳ ಕೈ ನಿಧಾನವಾಯಿತು.

ಆಗ ಕರ್ಚೀಫಿನ ಹೆಂಗಸು ನನ್ನತ್ತ ತಿರುಗಿ, "ಇವರು ನಿಮ್ಮ ತಾಯಿಯಾ?" ಎಂದು ಕೇಳಿದರು. 'ಅಲ್ಲ, ನಮ್ಮೂರ ಕಡೆಯವರು' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಐವತ್ತೊಂದು ವರ್ಷದ ಹೆಂಗಸು, ದೇವರಾಣೆ, ಅದನ್ನೇ ಹೇಳಹೊರಟಿದ್ದೆ. ಆದರೆ ಮರಗಟ್ಟಿದ ತುಟಿಗಳಿಂದ ಹೊರಟದ್ದು "ಹ್ಮ್ಂ" ಎಂಬ ಸದ್ದು ಮಾತ್ರ.

"ಹೂಂ ಅಂದ್ಳು ನೋಡಿ," ಎಂದು ಆಯಿ ಆ ಹೆಂಗಸಿನ ಕಡೆ ಜರುಗಿ ಕೂತಳು. "ಒಬ್ಬಳೇ ಮಗಳು. ಸರ್ಕಾರಿ ನೌಕರಿ."

ಇಂಜೆಕ್ಷನ್ನಿನ ಅಮಲು ಇಳಿಯಲು ಇನ್ನೂ ಎರಡು ತಾಸಿತ್ತು. ನನ್ನ ಬಾಯಿಂದ ಸತ್ಯ ಹೊರಡಲು ಇಷ್ಟು ಔಷಧ ಬೇಕಾಯಿತಲ್ಲ ಎಂದುಕೊಳ್ಳುತ್ತ, ಚೀಲವನ್ನೆತ್ತಿ ಹೆಗಲಿಗೆ ಹಾಕಿಕೊಂಡೆ.